ಅಪರೂಪಕ್ಕೊಮ್ಮೆ ಮಾತ್ರ ಓಡಿಸುವ ಬೈಕನ್ನು ಮಾರಬೇಕೇ, ಇಟ್ಟುಕೊಳ್ಳಬೇಕೇ?

ಕಳೆದ 12 ತಿಂಗಳಲ್ಲಿ ನೀವು ಬೈಕು ಏರಿದ್ದು ಬೆರಳೆಣಿಕೆಯಷ್ಟು ಸಲ ಮಾತ್ರವಾಗಿದ್ದು, ಮುಂದೆ ಹೆಚ್ಚು ಓಡಿಸಲು ಸ್ಪಷ್ಟ ಕಾರಣವೂ ಇಲ್ಲವಾದರೆ, ಅದು ಸುಸ್ಥಿತಿಯಲ್ಲಿರುವಾಗಲೇ ಮಾರುವುದು ಒಳ್ಳೆಯದು.

ಓಡಿಸದೆ ಇಟ್ಟ ಬೈಕು ಹಾಗೆಯೇ ಉಳಿಯುತ್ತದೆ ಎಂಬ ನಂಬಿಕೆ ತಪ್ಪು. ನಿಂತ ಬೈಕಿನ ಬ್ಯಾಟರಿ ತಾನಾಗಿಯೇ ಚಾರ್ಜ್ ಕಳೆದುಕೊಳ್ಳುತ್ತದೆ. ಲೆಡ್-ಆಸಿಡ್ ಬ್ಯಾಟರಿ ಬಹುಕಾಲ ಖಾಲಿಯಾಗಿ ಉಳಿದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಹಿಡಿಯುವ ಶಕ್ತಿಯೇ ಕುಂದುತ್ತದೆ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶಗಳು ಕೆಲವು ತಿಂಗಳಲ್ಲಿ ಹೊರಟುಹೋಗಿ, ಉಳಿದದ್ದು ಅಂಟಿನಂತಾಗಿ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಬೈಕುಗಳಲ್ಲಿ ಅದರ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಟೈರಿನ ರಬ್ಬರ್ ಓಡದಿದ್ದರೂ ಗಡುಸಾಗುತ್ತದೆ. ಇದರ ಜೊತೆಗೆ, ಕೊಳ್ಳುವವರು ಓಡಿದ ಕಿಲೋಮೀಟರುಗಳಷ್ಟೇ ಬೈಕಿನ ವಯಸ್ಸನ್ನೂ ನೋಡುವುದರಿಂದ ಬೆಲೆಯೂ ಇಳಿಯುತ್ತಲೇ ಇರುತ್ತದೆ.

ನಿರ್ಧಾರ ಕಷ್ಟವೆನಿಸಿದರೆ, ವರ್ಷದ ವಿಮೆ, ಸರ್ವಿಸ್ ಮತ್ತು ಅಂದಾಜು ಬೆಲೆ ಇಳಿಕೆಯನ್ನು ಕೂಡಿಸಿ, ಆ ವರ್ಷ ಓಡಿಸಿದ ದಿನಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಒಂದು ದಿನದ ಸವಾರಿಗೆ ಬಿದ್ದ ಆ ಖರ್ಚು ಬಾಡಿಗೆ ಬೈಕಿನ ದಿನದ ದರವನ್ನು ಮೀರಿದರೆ, ಬೇಕಾದಾಗ ಬಾಡಿಗೆಗೆ ಪಡೆಯುವುದೇ ಲಾಭಕರ.

ಬೈಕಿನೊಂದಿಗೆ ಗಾಢವಾದ ನೆನಪುಗಳು ಬೆಸೆದುಕೊಂಡಿದ್ದರೆ ಈ ಲೆಕ್ಕವನ್ನು ಬದಿಗಿಡುವುದು ತಪ್ಪಲ್ಲ. ಆದರೆ ಆಗ ಎರಡು ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ, ಸುಮಾರು 20 ನಿಮಿಷ, ರಸ್ತೆಯಲ್ಲಿ ಓಡಿಸಬೇಕು. ನಿಂತಲ್ಲೇ ಸ್ಟಾರ್ಟ್ ಮಾಡಿ ಎರಡೇ ನಿಮಿಷಕ್ಕೆ ಆರಿಸಿದರೆ ಎಂಜಿನ್ನಿನೊಳಗೆ ಉಂಟಾದ ತೇವ ಆವಿಯಾಗದೆ ಆಯಿಲ್‌ನಲ್ಲಿಯೇ ಉಳಿದುಬಿಡುತ್ತದೆ.