ಓದುಗರ ಪ್ರಶ್ನೆ: ಉಗಾಂಡಕ್ಕೆ ಮರಳುವ ಸಿಸ್ಟರ್

ಪ್ರಶ್ನೆ: ನನ್ನ ಅಕ್ಕ ಸಿಸ್ಟರ್. ಉಗಾಂಡದ ಮಸಾಕ ಕಡೆಯ ಹಳ್ಳಿಯಲ್ಲಿ 11 ವರ್ಷ ಇದ್ದವರು. ಅಮ್ಮನ ಆರೈಕೆಗೆಂದು ಬಂದು ಎರಡು ವರ್ಷವಾಯಿತು, ಈಗ ಅದೇ ಹಳ್ಳಿಗೆ ಮರಳುತ್ತಿದ್ದಾರೆ. ಹಳದಿ ಜ್ವರದ ಲಸಿಕೆ ಕಾರ್ಡಿನ ಹತ್ತು ವರ್ಷದ ಅವಧಿ ಮುಗಿದಿದೆ. ಮಲೇರಿಯಾ ಮಾತ್ರೆಯೋ, "ಅಲ್ಲಿಯ ಜ್ವರ ನನಗೆ ಅಭ್ಯಾಸ, ಬೇಡ" ಎನ್ನುತ್ತಾರೆ. ಏನು ಮಾಡುವುದು?
— ಓದುಗರು, ಬೇಳ, ಕಾಸರಗೋಡು

ಉತ್ತರ: ಕಾರ್ಡಿನ ಚಿಂತೆ ಬಿಡಿ. 2016ರ ಜುಲೈ 11ರಿಂದ ಒಂದು ಡೋಸಿನ ಕಾರ್ಡು ಜೀವನಪೂರ್ತಿಗೆ ಸಲ್ಲುತ್ತದೆ, ಅದರಲ್ಲಿ ಹಳೆಯ ಅವಧಿ ಅಚ್ಚಾಗಿದ್ದರೂ. ಮೂಲ ಕಾರ್ಡು ಕೈಯಲ್ಲೇ ಇರಲಿ. ಉಗಾಂಡದಿಂದ ಊರಿಗೆ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಳೆದುಹೋಗಿದ್ದರೆ ಮೊದಲು ಲಸಿಕೆ ಹಾಕಿಸಿದ ಕೇಂದ್ರದಲ್ಲೇ ನಕಲು ಪ್ರತಿ ಕೇಳಿ. ಮತ್ತೆ ಚುಚ್ಚಿಸಿಕೊಂಡರೆ ಕಾರ್ಡು ಹತ್ತು ದಿನದ ಮೇಲೆಯೇ ಊರ್ಜಿತ. ಅಕ್ಕನಿಗೆ 60 ದಾಟಿದ್ದರೆ ಡಾಕ್ಟರನ್ನು ಕೇಳದೆ ಈ ಲಸಿಕೆ ಬೇಡ.

ಮಲೇರಿಯಾದ ಮಾತು ಮಾತ್ರ ಅಕ್ಕ ಹೇಳಿದಂತಲ್ಲ. ಪದೇಪದೇ ಸೋಂಕು ತಗಲುತ್ತಿದ್ದರೆ ಮೈಗೆ ಅರೆಬರೆ ತಡೆಶಕ್ತಿ ಬರುವುದು ನಿಜ. ಆದರೆ ಆ ಊರು ಬಿಟ್ಟರೆ ಅದು ಕರಗುತ್ತಾ ಹೋಗುತ್ತದೆ. ಎರಡು ವರ್ಷದ ಬಳಿಕ ಅವರನ್ನು ಹೊಸಬರೆಂದೇ ಎಣಿಸಬೇಕು. ಹೊಸಬರು ಹೆದರಿ ಮಾತ್ರೆ ನುಂಗುತ್ತಾರೆ, ಹಳಬರೇ ಕೆಡುವುದು. ಅಲ್ಲಿ ಹೆಚ್ಚಿನದು ಫಾಲ್ಸಿಪಾರಂ ಎಂಬ ಜೀವಕ್ಕೇ ಅಪಾಯದ ಮಲೇರಿಯಾ, ಹಳೆಯ ಮಲೇರಿಯಾ ಮಾತ್ರೆ ಕ್ಲೋರೋಕ್ವಿನ್ ಅದಕ್ಕೆ ನಾಟುವುದಿಲ್ಲ. ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ದಿನಕ್ಕೆ 100 ಮಿ.ಗ್ರಾಂ., ಹೊರಡುವ ಒಂದೆರಡು ದಿನ ಮೊದಲೇ ಶುರು. ಊಟವಾದ ಮೇಲೆ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬಾರದು. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಇದೆ, ಕೊಡೆ ಬಿಡಬಾರದು. ಎಷ್ಟು ತಿಂಗಳು ಮುಂದುವರಿಸುವುದೆಂದು ಡಾಕ್ಟರೇ ಹೇಳಲಿ. ಔಷಧಿ ಹಚ್ಚಿದ ಸೊಳ್ಳೆಪರದೆಯನ್ನು ನೆರಳಲ್ಲೇ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಔಷಧಿಯ ಶಕ್ತಿ ಇಳಿದು, ಉಳಿಯುವುದು ಬರೀ ಬಲೆ.

ಇನ್ನೊಂದು, ಊರಲ್ಲಿದ್ದು ಮರೆತುಹೋಗಿರುವ ಅಭ್ಯಾಸ: ಇಸ್ತ್ರಿ. ಹೊರಗೆ ಹರವಿದ ಒದ್ದೆ ಬಟ್ಟೆಯ ಮೇಲೆ ಅಲ್ಲಿ ಮಾವಿನ ನೊಣ ಎಂಬ ನೊಣ ಮೊಟ್ಟೆ ಇಡುತ್ತದೆ. ಬಟ್ಟೆ ತೊಟ್ಟಾಗ ಮರಿಹುಳು ಚರ್ಮದೊಳಗೆ ಹೊಕ್ಕು ಕುರುವಿನಂತೆ ಊದುತ್ತದೆ, ನಡುವೆ ಸಣ್ಣ ತೂತು. ಹಾಗಾಗಿ ಒಳಬಟ್ಟೆ, ಟವೆಲು, ಹಾಸಿಗೆ ಹೊದಿಕೆ ಸೇರಿ ಎಲ್ಲಕ್ಕೂ ಎರಡೂ ಬದಿಗೆ ಬಿಸಿ ಇಸ್ತ್ರಿ ಬೇಕು. ಹೊಲಿಗೆಯ ಮಡಿಕೆಯಲ್ಲಿ, ಸೊಂಟದ ಪಟ್ಟಿಯಲ್ಲಿ ಪೆಟ್ಟಿಗೆಯನ್ನು ನಿಲ್ಲಿಸಿ ಒತ್ತಬೇಕು. ಕರೆಂಟು ಇಲ್ಲದಿದ್ದರೆ ಕೆಂಡದ ಪೆಟ್ಟಿಗೆಯಾದರೂ ಸಾಕು. ಹುಳು ಹೊಕ್ಕೇಬಿಟ್ಟರೆ ಹಿಂಡಬಾರದು, ಒಳಗೇ ಒಡೆದು ಕೀವಾಗುತ್ತದೆ. ತೂತಿನ ಮೇಲೆ ದಪ್ಪಗೆ ವ್ಯಾಸಲಿನ್ ಮೆತ್ತಿದರೆ ಉಸಿರು ಕಟ್ಟಿ ತಲೆ ಹೊರಹಾಕುತ್ತದೆ, ಆಗ ಚಿಮಟದಿಂದ ಎಳೆಯಬಹುದು.

ದಾರಿಯ ಮಟ್ಟಿಗೆ: ಮಾರ್ಚ್–ಮೇ ಮತ್ತು ಸೆಪ್ಟೆಂಬರ್–ನವೆಂಬರ್ ಅಲ್ಲಿ ಮಳೆಗಾಲ. ಹಳ್ಳಿಯ ರಸ್ತೆ ನಮ್ಮ ಮುರಮಣ್ಣಿನಂಥದ್ದೇ, ಒದ್ದೆಯಾದರೆ ಜಾರುತ್ತದೆ.

ಪ್ರಶ್ನೆ: ಉಗಾಂಡಕ್ಕೆ ಮರಳುವ ನಮ್ಮ ಪರಿಚಯದ ಫಾದರ್ ಕೈಯಲ್ಲಿ ಮಿಕ್ಸಿ ಮತ್ತು ಹಲಸಿನ ಕಸಿ ಗಿಡ ಕಳಿಸಬಹುದೆ?
— ಓದುಗರು, ಮಂಜೇಶ್ವರ

ಉತ್ತರ: ಗಿಡ ಬೇಡ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ಅದೂ ಅಲ್ಲದೆ ಹಲಸು ಅಲ್ಲಿ ಧಾರಾಳ, ಲುಗಾಂಡ ಭಾಷೆಯಲ್ಲಿ 'ಫೆನೆ' ಎನ್ನುತ್ತಾರೆ. ಮಿಕ್ಸಿ ಕಳಿಸಿ: ಅಲ್ಲಿಯದು 240 ವೋಲ್ಟ್, 50 ಹರ್ಟ್ಸ್, ಮೋಟರಿಗೆ ತೊಂದರೆಯಿಲ್ಲ. ಪ್ಲಗ್ಗು ಮಾತ್ರ ಮೂರು ಚಪ್ಪಟೆ ಕಡ್ಡಿಯದು. ಅಡಾಪ್ಟರ್ ಸಡಿಲವಾಗಿ ಬಿಸಿಯಾಗುತ್ತದೆ. ಅಲ್ಲಿ ತಲುಪಿದ ಮೇಲೆ ಅಲ್ಲಿಯ ಪ್ಲಗ್ಗನ್ನೇ ಕೂರಿಸಿಕೊಳ್ಳಲಿ. ಅವರ ಮನೆಯಲ್ಲಿ ಇರುವುದು ಸಣ್ಣ ಸೋಲಾರ್ ಇನ್ವರ್ಟರ್ ಆದರೆ 750 ವಾಟಿನ ಮಿಕ್ಸಿ ಆನ್ ಮಾಡಿದ ಕೂಡಲೇ ಅದು ಟ್ರಿಪ್ ಆಗುತ್ತದೆ, ಮೋಟರು ಹೊರಡುವಾಗ ಎಳೆಯುವ ಕರೆಂಟು ಎಷ್ಟೋ ಪಾಲು ಹೆಚ್ಚು. ಮೊದಲು ಇನ್ವರ್ಟರ್ ಎಷ್ಟು ವಾಟಿನದು ಎಂದು ಫಾದರನ್ನೇ ಕೇಳಿ.