ಹಾಡಿಲ್ಲ ಅನ್ನುವುದು ದೂರೇ?

‘ಹೋದ ಸಂಚಿಕೆಯಲ್ಲಿ ನೀವು ಹೊಗಳಿದ್ದೀರಿ ಅಂತ 1954ರ ತಮಿಳು ಸಿನಿಮಾ “ಅಂದ ನಾಳ್” ನೋಡಿದೆ. ಒಂದು ಹಾಡಿಲ್ಲ, ಒಂದು ಹೊಡೆದಾಟ ಇಲ್ಲ. ಬರೀ ಮಾತು. ಅದೂ “ರಾಶೋಮಾನ್” ನಕಲು. ಕೊನೆಗೆ ಭಾಷಣ ಬೇರೆ. ಇದರಲ್ಲಿ ಅಂಥದ್ದೇನಿದೆ?’ ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ.

ಪೂರ್ತಿ ನೋಡಿ, ಆಮೇಲೆ ಜಗಳಕ್ಕೆ ಬಂದಿದ್ದೀರಿ. ಅದಕ್ಕೇ ನಿಮ್ಮ ಪತ್ರ ಇಷ್ಟವಾಯಿತು. ಭಾಷಣದ ವಿಷಯದಲ್ಲಿ ನಿಮ್ಮ ಮಾತು ಸರಿ. ಕೊಲೆಯ ಗುಟ್ಟು ಬಯಲಾದ ಮೇಲೆ ದೇಶಭಕ್ತಿಯ ಮಾತು ಜಾಸ್ತಿಯಾಯಿತು. ಅಲ್ಲಿಯವರೆಗೆ ನಮ್ಮನ್ನು ಜಾಣರೆಂದು ನಂಬಿದ್ದ ಸಿನಿಮಾ ಅಲ್ಲಿ ಪಾಠ ಹೇಳಲು ಕೂರುತ್ತದೆ. ಒಪ್ಪಿದೆ.

ಮಿಕ್ಕಿದ್ದನ್ನು ಒಪ್ಪಲಾರೆ. 1943ರ ಅಕ್ಟೋಬರ್, ಜಪಾನಿ ವಿಮಾನ ಮದರಾಸಿನ ಮೇಲೆ ಬಾಂಬು ಹಾಕಿದ ಹೊತ್ತು. ಊರೆಲ್ಲ ಹೆದರಿಕೆ. ಅಂಥ ದಿನ ರಾಜನ್ ಎಂಬ ರೇಡಿಯೋ ಎಂಜಿನಿಯರ್ ಗುಂಡೇಟಿಗೆ ಸಾಯುತ್ತಾನೆ. ಸಿನಿಮಾ ಶುರುವಾಗುವುದೇ ಆ ಗುಂಡಿನಿಂದ. ಸಾಯುವವನು ಯಾರು? ಶಿವಾಜಿ ಗಣೇಶನ್! ಎರಡು ವರ್ಷದ ಹಿಂದಷ್ಟೇ ‘ಪರಾಶಕ್ತಿ’ಯಿಂದ ಮನೆಮಾತಾಗಿದ್ದ ನಟನನ್ನು ಮೊದಲ ದೃಶ್ಯದಲ್ಲೇ ಕೊಲ್ಲುವುದಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ಆಮೇಲೆ ಬರುವ ರಾಜನ್ ಏನಿದ್ದರೂ ಬೇರೆಯವರ ನೆನಪಿನವನು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ.

ಇನ್ನು ನಕಲಿನ ಮಾತು. ಜಪಾನಿನ ಕುರೊಸಾವಾ ಅವರ ‘ರಾಶೋಮಾನ್’ ನಿರ್ದೇಶಕ ಬಾಲಚಂದರ್ ಅವರಿಗೆ ದಾರಿ ತೋರಿಸಿತು, ನಿಜ. ಅಲ್ಲೂ ಒಂದೇ ಸಾವನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಆದರೆ ಅಲ್ಲಿ ನಿಜ ಯಾವುದೆಂದು ಕೊನೆಗೂ ಗೊತ್ತಾಗುವುದಿಲ್ಲ. ಇಲ್ಲಿ ಗೊತ್ತಾಗಲೇಬೇಕು, ಯಾಕೆಂದರೆ ಸಿಐಡಿ ಶಿವಾನಂದಂ ಬಂದಿದ್ದಾನೆ. ಪಕ್ಕದ ಮನೆಯ ಚಿನ್ನಯ್ಯ ರಾಜನ್‌ನ ತಮ್ಮನ ಕಡೆ ಬೆರಳು ತೋರಿಸುತ್ತಾನೆ. ತಮ್ಮ ತನ್ನ ಹೆಂಡತಿಯನ್ನೇ ಅನುಮಾನಿಸುತ್ತಾನೆ. ಅವಳು ರಾಜನ್‌ನ ಪ್ರೇಯಸಿ ಅಂಬುಜಂ ಹೆಸರು ಹೇಳುತ್ತಾಳೆ. ಅಂಬುಜಂ ತಿರುಗಿ ಚಿನ್ನಯ್ಯನನ್ನೇ ಹಿಡಿದುಕೊಡುತ್ತಾಳೆ. ಸಂಶಯ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂತು. ಪ್ರತಿಯೊಬ್ಬರೂ ರಾಜನ್ ಬಗ್ಗೆ ಹೇಳುತ್ತಲೇ ತಮ್ಮ ಬಣ್ಣ ಬಯಲು ಮಾಡಿಕೊಳ್ಳುತ್ತಾರೆ. ಇದನ್ನು ಹೆಣೆದವರು ಜಾವರ್ ಸೀತಾರಾಮನ್. ಶಿವಾನಂದಂ ಪಾತ್ರ ಮಾಡಿದವರೂ ಅವರೇ. ನಕಲು ಮಾಡುವವರಿಗೆ ಇಂಥ ಹೆಣಿಗೆ ಬರುವುದಿಲ್ಲ ಸ್ವಾಮಿ.

ಇದರ ಮಧ್ಯೆ ಹಾಡು ಎಲ್ಲಿ ಇಡುತ್ತೀರಿ? ಸಂಗೀತ ಬರದೆ ಹಾಡು ಬಿಟ್ಟರು ಅಂದುಕೊಳ್ಳಬೇಡಿ. ನಿರ್ದೇಶಕರು ವೀಣೆ ಎಸ್. ಬಾಲಚಂದರ್, ದೇಶವೇ ಮೆಚ್ಚಿದ ವೀಣಾ ವಿದ್ವಾಂಸರು. ಕಥೆಗೆ ಹಾಡು ಬೇಡ ಅಂತ ಅವರೇ ತೀರ್ಮಾನಿಸಿದರೆ ನಾವು ಕಿವಿಗೊಡಬೇಕು, ಅಲ್ವಾ? ಆಗಿನ ಜನ ಕಿವಿಗೊಡಲಿಲ್ಲ. ದುಡ್ಡು ಬರಲಿಲ್ಲ. ಆ ಸೋಲನ್ನೇ ನೆಪ ಮಾಡಿಕೊಂಡು ಎಷ್ಟು ಪತ್ತೇದಾರಿ ಕಥೆಗಳಿಗೆ ಸುಮ್ನೆ ಹಾಡು ತುರುಕಿದ್ದಾರೆ! ಕೊಲೆಯಾದ ಮನೆಯಿಂದ ಎದ್ದು ನಾಯಕ ಬೆಟ್ಟದ ಮೇಲೆ ಕುಣಿಯುತ್ತಾನೆ. ನಾವು ಹಿಡಿದಿದ್ದ ಎಳೆ ಅಲ್ಲೇ ತಪ್ಪುತ್ತದೆ. ‘ಜನ ಕೇಳ್ತಾರೆ’ ಅನ್ನುವುದು ನಿರ್ಮಾಪಕರ ಹಳೇ ಮಾತು. ಒಳ್ಳೆಯ ಓದುಗರಾದ ನೀವೂ ಅದನ್ನೇ ಹೇಳಿದಾಗ ನನಗೆ ಬೇಜಾರಾಗುತ್ತದೆ.

ಪಂಡರಿಬಾಯಿ ಅವರ ಬಗ್ಗೆ ಒಂದು ಸಾಲನ್ನೂ ನೀವು ಬರೆದಿಲ್ಲ. ಇದಕ್ಕೆ ಮಾತ್ರ ಸ್ವಲ್ಪ ಕೋಪವೇ ಬಂತು. ಭಟ್ಕಳದ ಹೆಣ್ಣುಮಗಳು. ಅದೇ 1954ರಲ್ಲಿ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಎದುರು ನೀಲಾ, ಇಲ್ಲಿ ರಾಜನ್‌ನ ಹೆಂಡತಿ ಉಷಾ. ನಮ್ಮವರಿಗೆ ಅವರು ನೆನಪಿರುವುದು ಕಣ್ಣೀರಿಡುವ ಅಮ್ಮನಾಗಿ. ಉಷಾಳ ಮುಖ ನೋಡಿ. ಗಂಡನ ಮೇಲಿನ ಪ್ರೀತಿ, ಭಯ, ಏನೋ ಮುಚ್ಚಿಟ್ಟುಕೊಂಡ ಸಂಕಟ ಮೂರೂ ಒಟ್ಟಿಗೆ ಇವೆ. ಇದಕ್ಕಿಂತ ಹೆಚ್ಚು ಹೇಳಿದರೆ ಇನ್ನೂ ನೋಡದವರಿಗೆ ದ್ರೋಹವಾಗುತ್ತದೆ.

ಪತ್ತೇದಾರಿ ಅಂದ ಕೂಡಲೇ ಮೂಗು ಮುರಿಯುವ ಚಾಳಿ ನಮ್ಮ ಸಾಹಿತ್ಯದವರಲ್ಲೂ ಇದೆ. ಕನ್ನಡದ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಓದಿನ ರುಚಿ ಹತ್ತಿಸಿಕೊಂಡವರು ಎಷ್ಟು ಮಂದಿ! ಅವರ ಬಗ್ಗೆ ಒಂದು ಗೋಷ್ಠಿ ಇಡಿ ಎಂದು ಒಂದು ಸಾಹಿತ್ಯ ಸಮಾರಂಭದವರನ್ನು ಕೇಳಿದೆ. ‘ಅದು ಸಾಹಿತ್ಯವಾ ಸಾರ್?’ ಎಂದರು. ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಹರಿದ ಆ ಕಾದಂಬರಿಗಳನ್ನು ಎಷ್ಟು ಗ್ರಂಥಾಲಯಗಳು ಜೋಪಾನ ಮಾಡಿವೆ? ಜನ ಪ್ರೀತಿಯಿಂದ ಓದಿದ್ದನ್ನು ವಿಮರ್ಶಕರು ಮುಟ್ಟುವುದಿಲ್ಲ. ಅವರು ಮುಟ್ಟಲಿಲ್ಲ ಅಂತ ಮುಂದಿನವರು ಕಾಪಾಡುವುದಿಲ್ಲ.

ನಿಮ್ಮ ತಂದೆಯ ಟ್ರಂಕಿನಲ್ಲಿ ನರಸಿಂಹಯ್ಯನವರ ಪುಸ್ತಕಗಳಿವೆ, ರದ್ದಿಗೆ ಹಾಕಬೇಕೆಂದಿದ್ದೇನೆ ಎಂದು ಪತ್ರದ ಅಡಿಯಲ್ಲಿ ಬರೆದಿದ್ದೀರಲ್ಲ, ದಯವಿಟ್ಟು ಹಾಕಬೇಡಿ. ಅಂಚೆ ವೆಚ್ಚ ನಮ್ಮದು. ಕಚೇರಿಗೆ ಕಳಿಸಿಬಿಡಿ.