ಸಿಂಗ್ಲಿಷ್ ಬಗ್ಗೆ ಕೇಳಿದ್ದಿರಲ್ಲ

ಮುಂದಿನ ತಿಂಗಳು ಸಿಂಗಾಪುರಕ್ಕೆ ಬರುವ ನೀವು ಕೇಳಿದ್ದು ಮೂರು: ಮನೆ ಬಾಡಿಗೆ, ಅಕ್ಕಿ-ತೆಂಗಿನಕಾಯಿ, ಮತ್ತೆ ಇಲ್ಲಿನವರು ಮಲಯ, ಚೀನೀ ಮಾತು ಬೆರೆಸಿ ಆಡುವ ಇಂಗ್ಲಿಷಿನ ಬಗ್ಗೆ, ‘ಸಿಂಗ್ಲಿಷ್ ಕಲಿತು ಆರು ವರ್ಷದ ಮಗಳ ಇಂಗ್ಲಿಷ್ ಕೆಡುವುದಿಲ್ಲವೇ?’

ಬಾಡಿಗೆ ಜಾಸ್ತಿಯೇ, ಎಂಆರ್‌ಟಿ (ಮೆಟ್ರೋ ರೈಲು) ಹತ್ತಿರ ನೋಡಿ. ಅಡುಗೆ ಸಾಮಾನು ಲಿಟಲ್ ಇಂಡಿಯಾದಲ್ಲಿ ಸಿಗ್ತದೆ. ಮೂರನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ನಾನು ಪುತ್ತೂರು ಬಿಟ್ಟು ಬಂದದ್ದು 2000ದಲ್ಲಿ. ಮೊದಲ ವಾರ ಆಫೀಸಿನಲ್ಲಿ, ಶುಕ್ರವಾರದೊಳಗೆ ಒಂದು ಕೆಲಸ ಮುಗಿಯಬಹುದೇ ಎಂದು ಪ್ಲೀಸ್, ಕೈಂಡ್ಲಿ ಎಲ್ಲ ಪೋಣಿಸಿ ಕೇಳಿದೆ. ಎದುರಿನ ಹೆಂಗಸು ತಲೆಯೆತ್ತದೆ ‘ಕ್ಯಾನ್’ ಅಂದಳು. ಅಷ್ಟೇ. ಎಂಥ ಸೊಕ್ಕು ಅನ್ನಿಸಿತು. ನಮ್ಮ ಕಡೆಯ ‘ಆಗ್ತದೆ’ಯೂ ಹೀಗೇ ಒಂಟಿ ಮಾತಲ್ಲವೇ ಎಂದು ಹೊಳೆಯಲು ವರ್ಷಗಳು ಬೇಕಾದವು. ‘ಕ್ಯಾನ್ ಲಾ’ ಅಂದರೆ ‘ಆಗ್ತದೆ ಮಾರಾಯ’. ‘ಕ್ಯಾನ್ ಮೆ?’ ಅಂದರೆ ‘ಇದೆಲ್ಲ ಆಗುವ ಹೋಗುವ ಮಾತಾ?’ ಕಾಫಿಗೆ ಹಾಲು ಸಕ್ಕರೆ ಬೇಡವಾದರೆ ‘ಕೋಪಿ ಓ ಕೊಸೊಂಗ್’ ಅನ್ನಿ: ಕೋಪಿ, ಕೊಸೊಂಗ್ ಮಲಯದ್ದು, ನಡುವಿನ ಓ ಹೊಕ್ಕಿಯೆನ್ ಚೀನಿಯರದ್ದು. ಮನೆ ಕೆಳಗಿನ ಗೂಡಂಗಡಿ ‘ಮಾಮಾ ಶಾಪ್’. ಆ ಮಾಮ ಯಾರೆಂದು ನಿಮಗೆ ಹೇಳಬೇಕಿಲ್ಲ.

ನಾನು ಬಂದ ವರ್ಷವೇ ಸರ್ಕಾರ ‘ಸ್ಪೀಕ್ ಗುಡ್ ಇಂಗ್ಲಿಷ್’ ಅಭಿಯಾನ ಶುರು ಮಾಡಿತು. ಹೊಸಬನಿಗೆ ಅದು ವೇದವಾಕ್ಯ. ಮಗಳು ಶಾಲೆಯಿಂದ ಬಂದು ‘ಪಪ್ಪಾ, ಐ ಫಾಲೋ ಯು, ಕ್ಯಾನ್?’ ಅಂದರೆ, ಜೊತೆಗೆ ಕರಕೊಂಡು ಹೋಗುವ ಮೊದಲು ವಾಕ್ಯ ಸರಿ ಮಾಡಿಸುತ್ತಿದ್ದೆ. ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’ ಎಂದು ನಮ್ಮ ದೇಶದ್ದೇ ಇಂಗ್ಲಿಷ್ ಆಡುತ್ತಿದ್ದ ನಾನು! 2016ರಲ್ಲಿ ಸಿಂಗ್ಲಿಷಿನ ‘ಶಿಯೋಕ್’ (ಬಲು ಸೊಗಸು) ಆಕ್ಸ್‌ಫರ್ಡ್ ನಿಘಂಟಿಗೇ ಸೇರಿತು. ಅಷ್ಟರಲ್ಲಿ ಅವಳು ಇಂಟರ್‌ವ್ಯೂಗೊಂದು, ಗೆಳತಿಯರಿಗೊಂದು ಇಂಗ್ಲಿಷ್ ತಾನಾಗಿ ಇಟ್ಟುಕೊಂಡಿದ್ದಳು. ಊರಲ್ಲಿ ನಾವು ಮೇಷ್ಟ್ರಿಗೊಂದು, ಅಜ್ಜಿಗೊಂದು ಕನ್ನಡ ಇಟ್ಟುಕೊಂಡಿರಲಿಲ್ಲವೇ, ಹಾಗೆ. ಇಂಗ್ಲಿಷಿನ ಚಿಂತೆ ಬಿಡಿ.

ಚಿಂತೆ ಮಾಡಬೇಕಾದ್ದು ಬೇರೆ. ಇಲ್ಲಿನ ಶಾಲೆಯಲ್ಲಿ ಮಾತೃಭಾಷೆಯೆಂದು ತಮಿಳು ಸಿಗ್ತದೆ. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುವಿಗೂ ದಾರಿಯಿದೆ. ಕನ್ನಡ ಇಲ್ಲ. ಅದು ಮನೆಯಲ್ಲೇ ಆಗಬೇಕು, ನಮ್ಮ ಮನೆಯಲ್ಲಿ ಸಂಜೆಯೆಲ್ಲ ಇಂಗ್ಲಿಷ್ ತಿದ್ದುವುದರಲ್ಲೇ ಹೋಯಿತು.

ಒಮ್ಮೆ ಅಮ್ಮ ಫೋನಿನಲ್ಲಿ ‘ಊಟ ಆಯ್ತಾ ಪುಟ್ಟಿ?’ ಅಂದರು. ಏಳು ವರ್ಷದ ಇವಳು ‘ಆಯ್ತು ಲಾ, ಅಜ್ಜಿ’ ಅಂದಳು. ಅಮ್ಮನಿಗೆ ನಗುವೋ ನಗು. ನಾನು ಪಕ್ಕದಿಂದ ‘ಲಾ ಅನ್ಬಾರ್ದು’ ಎಂದು ಗದರಿದೆ. ಆಮೇಲೆ ಅಜ್ಜಿ ಏನು ಕೇಳಿದರೂ ಅವಳದ್ದು ‘ಹೂಂ’, ‘ಉಹೂಂ’. ಅಮ್ಮ ಇರುವವರೆಗೂ ಅಷ್ಟೇ.